ಕಡಲಾಳದ ಪ್ರತಿಧ್ವನಿಗೆ ಕಿವಿಗೊಟ್ಟ ಪ್ರಯೋಗಾಲಯ

ಸಮುದ್ರದ ನೀರಿನಲ್ಲಿ ಬೆಳಕು ಕೆಲವು ನೂರು ಮೀಟರುಗಳೊಳಗೆ ಕಂದಿಹೋಗುತ್ತದೆ, ರೇಡಿಯೊ ತರಂಗಗಳು ಅದಕ್ಕಿಂತಲೂ ಬೇಗ ಅಡಗುತ್ತವೆ; ಶಬ್ದ ಮಾತ್ರ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಬಹುದೂರ ಸಾಗಬಲ್ಲದು. ನೀರಿಗೆ ಶಬ್ದದ ಮಿಡಿತವನ್ನು ಹೊಮ್ಮಿಸಿ, ಜಲಾಂತರ್ಗಾಮಿಯಂತಹ ವಸ್ತುವಿಗೆ ತಾಗಿ ಮರಳುವ ಪ್ರತಿಧ್ವನಿಯಿಂದ ಅದರ ದಿಕ್ಕು ಮತ್ತು ದೂರವನ್ನು ಗುರುತಿಸುವ ಉಪಕರಣವೇ ಸೋನಾರ್. ಪ್ರತಿಧ್ವನಿ ನಾಲ್ಕು ಸೆಕೆಂಡುಗಳ ಬಳಿಕ ಕೇಳಿಸಿದರೆ ವಸ್ತು ಸುಮಾರು ಮೂರು ಕಿಲೋಮೀಟರ್ ದೂರದಲ್ಲಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಿನ್ ಕ್ವಾರ್ಟ್ಸ್ ಹರಳುಗಳ ನೆರವಿನಿಂದ ರೂಪಿಸಿದ ಈ ವಿದ್ಯೆಗೆ ಭಾರತದಲ್ಲಿ ನೆಲೆ ಒದಗಿಸಿದ್ದು, ಕೊಚ್ಚಿಯಲ್ಲಿ 1952ರಲ್ಲಿ ಆರಂಭವಾಗಿ ಇಂದು ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಂಗವಾಗಿರುವ ನೌಕಾ ಭೌತಿಕ ಮತ್ತು ಸಾಗರವಿಜ್ಞಾನ ಪ್ರಯೋಗಾಲಯ, ಅಂದರೆ ಎನ್‌ಪಿಒಎಲ್.

ಈ ಸಂಸ್ಥೆಯ ಹೆಸರಿನಲ್ಲಿ ಸಾಗರವಿಜ್ಞಾನ ಸೇರಿರುವುದಕ್ಕೆ ಬಲವಾದ ಕಾರಣವಿದೆ. ಬೆಚ್ಚಗಿನ ನೀರಿನ ಉಷ್ಣತೆ ಒಂದು ಡಿಗ್ರಿ ಇಳಿದರೆ ಶಬ್ದದ ವೇಗ ಸೆಕೆಂಡಿಗೆ ಎರಡರಿಂದ ಮೂರು ಮೀಟರ್ ತಗ್ಗುತ್ತದೆ, ಮತ್ತು ಶಬ್ದ ಯಾವಾಗಲೂ ವೇಗ ಕಡಿಮೆಯಿರುವ ಕಡೆಗೇ ಬಾಗುತ್ತದೆ. ಬಿಸಿಲಿಗೆ ಕಾದ ಮೇಲ್ಪದರದ ಕೆಳಗೆ, ಉಷ್ಣತೆ ಥಟ್ಟನೆ ಕುಸಿಯುವ ಥರ್ಮೋಕ್ಲೈನ್ ಎಂಬ ಪದರವಿರುವಲ್ಲಿ ಶಬ್ದದ ಹಾದಿ ಕೆಳಮುಖವಾಗಿ ತಿರುಗುವುದರಿಂದ, ಅದು ಮುಟ್ಟದ ನೆರಳಿನ ವಲಯವೊಂದು ಉಂಟಾಗಿ, ಅಲ್ಲಿ ನಿಂತ ಜಲಾಂತರ್ಗಾಮಿ ಸಮೀಪದಲ್ಲಿದ್ದರೂ ಪತ್ತೆಯಾಗುವುದಿಲ್ಲ. ಮುಂಗಾರಿನ ಗಾಳಿ ಅರಬ್ಬಿ ಸಮುದ್ರದ ಮೇಲ್ಪದರವನ್ನು ಕಲಕಿ ದಪ್ಪವಾಗಿಸಿದರೆ, ಬಂಗಾಳ ಕೊಲ್ಲಿಯಲ್ಲಿ ನದಿಗಳ ಸಿಹಿನೀರು ಹಗುರವಾದ ಇನ್ನೊಂದು ಪದರವನ್ನೇ ಹಾಸುತ್ತದೆ. ಹೀಗಾಗಿ ಶೀತವಲಯದ ಕಡಲುಗಳ ಅನುಭವವೊಂದನ್ನೇ ನೆಚ್ಚಿದ ಸೋನಾರ್ ಇಲ್ಲಿ ಸಾಲದು.

1971ರ ಡಿಸೆಂಬರ್ 9ರಂದು ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್, ಭಾರತದ ಯುದ್ಧನೌಕೆ ಐಎನ್ಎಸ್ ಖುಕ್ರಿಯನ್ನು ದೀವ್ ಬಳಿ ಮುಳುಗಿಸಿದಾಗ ಸೋನಾರಿನ ಈ ಕೊರತೆಗೆ ದೇಶ ತೆತ್ತ ಬೆಲೆ ಅಪಾರ. ಅನಂತರ ಬ್ರಿಟಿಷ್ ಸೋನಾರನ್ನು ಸುಧಾರಿಸುವ ಕೆಲಸಕ್ಕೆ ಕೈಹಾಕಿದ ನೌಕಾಧಿಕಾರಿ ಆರೋಗ್ಯಸ್ವಾಮಿ ಪೌಲ್‌ರಾಜ್, ಮುಂದೆ ಎನ್‌ಪಿಒಎಲ್ ತಂಡದ ನೇತೃತ್ವ ವಹಿಸಿ, ಹಡಗಿನ ತಳಕ್ಕೆ ಅಳವಡಿಸಿ ಸುತ್ತಲೂ ಶೋಧಿಸುವ ಎಪಿಎಸ್‌ಒಎಚ್ ಸೋನಾರನ್ನು ರೂಪಿಸಿದರು. 1983ರಲ್ಲಿ ಐಎನ್ಎಸ್ ಹಿಮಗಿರಿಯನ್ನೇರಿದ ಈ ಉಪಕರಣವನ್ನು ತಯಾರಿಸಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್). ಹಡಗಿನ ಸೋನಾರ್ ಹಂಸ, ಜಲಾಂತರ್ಗಾಮಿಗಳ ಉಷಸ್ ಬೆಳೆದುಬಂದದ್ದೂ ಇದೇ ಪ್ರಯೋಗಾಲಯದಲ್ಲಿ.

1994ರಿಂದ ಈ ಸಂಸ್ಥೆಯ ಸಂಶೋಧನಾ ನೌಕೆ ಐಎನ್ಎಸ್ ಸಾಗರಧ್ವನಿ ಕಡಲಿನ ಉಷ್ಣತೆ, ಲವಣಾಂಶಗಳನ್ನು ಪದರಪದರವಾಗಿ ಅಳೆಯುತ್ತ ಬಂದಿದೆ. ಅಲೆಗಳ ಅಬ್ಬರವಾಗಲಿ ಹಡಗುಗಳ ಸದ್ದಾಗಲಿ ಇಲ್ಲದ ಆಳವಾದ ನೀರು ಸೋನಾರಿನ ಪರೀಕ್ಷೆಗೆ ಅತ್ಯಗತ್ಯವಾದ್ದರಿಂದ, ಕೇರಳದ ಇಡುಕ್ಕಿ ಜಲಾಶಯದ ಕುಳಮಾವಿನಲ್ಲಿ ಪರೀಕ್ಷಾ ಕೇಂದ್ರವಿದ್ದು, ಉಪಕರಣಗಳನ್ನು 100 ಮೀಟರ್ ಆಳದವರೆಗೆ ಇಳಿಸಬಲ್ಲ ವೇದಿಕೆಯೊಂದು 2024ರ ಏಪ್ರಿಲ್‌ನಲ್ಲಿ ಅಲ್ಲಿ ಉದ್ಘಾಟನೆಗೊಂಡಿದೆ.