ಹಿಮದ ಹಾದಿಯ ಜೊತೆಗಾರ

ಸಂತ ಬರ್ನಾರ್ಡ್ ನಾಯಿಯೆಂದೊಡನೆ ಅದರ ಕೊರಳಲ್ಲಿ ತೂಗುವ ಮದ್ಯದ ಪುಟ್ಟ ಪೀಪಾಯಿ ನಮ್ಮ ಕಣ್ಮುಂದೆ ನಿಲ್ಲುತ್ತದೆ. ಆ ಪೀಪಾಯಿ ಬರಿಯ ದಂತಕಥೆ. ನಾಯಿಗಳ ನಿಜವಾದ ಸೇವೆಗೆ ಅದರ ಅಲಂಕಾರ ಬೇಕಿಲ್ಲ.

ಸ್ವಿಟ್ಜರ್ಲೆಂಡಿನಿಂದ ಇಟಲಿಗೆ ಆಲ್ಪ್ಸ್ ಪರ್ವತವನ್ನು ದಾಟುವ ದಾರಿಯಲ್ಲಿ, 2,469 ಮೀಟರ್ ಎತ್ತರದಲ್ಲಿ, ಸಂತ ಬರ್ನಾರ್ಡರು 11ನೆಯ ಶತಮಾನದಲ್ಲಿ ದಾರಿಗರಿಗಾಗಿ ಧರ್ಮಛತ್ರವೊಂದನ್ನು ಸ್ಥಾಪಿಸಿದರು. 1923ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸ್ ಅವರನ್ನು ಪರ್ವತಾರೋಹಿಗಳ ಪಾಲಕರೆಂದು ಸಾರಿದರು. ಛತ್ರದ ಅಗಸ್ಟೀನ್ ಸಭೆಯ ಗುರುಗಳು ಸಾಕಿದ ನಾಯಿಗಳು ಮಾರ್ಗದರ್ಶಕರೊಡನೆ ಹೊರಟು, ಹೊಸ ಹಿಮವನ್ನು ಎದೆಯಿಂದ ಸೀಳಿ ದಾರಿಮಾಡುತ್ತಿದ್ದವು. ಮಂಜಿನಲ್ಲಿ ಮನುಷ್ಯನ ಕಣ್ಣು ಸೋತಾಗ ಅವುಗಳ ಮೂಗೇ ದಾರಿಯರಿಯುತ್ತಿತ್ತು. ಹಿಮದಡಿ ಹೂತವರನ್ನೂ ಅದೇ ಹುಡುಕುತ್ತಿತ್ತು.

1800ರಲ್ಲಿ ಹುಟ್ಟಿದ ಬ್ಯಾರಿ ನಲವತ್ತಕ್ಕೂ ಹೆಚ್ಚು ಜೀವಗಳನ್ನು ಉಳಿಸಿತೆಂದು ಪ್ರತೀತಿ. ಅದು ಕಾಪಾಡಹೋದ ಸೈನಿಕನೇ ತೋಳವೆಂದು ಬಗೆದು ಅದನ್ನು ಇರಿದು ಕೊಂದನೆಂಬ ಕಥೆಯೂ ಉಂಟು. ಕಣ್ಣೀರು ತರಿಸುವ ಕಥೆಯೇ ಸರಿ, ಆದರೆ ಸುಳ್ಳು. ದಣಿದ ಬ್ಯಾರಿಯನ್ನು ಛತ್ರದ ಶ್ರೇಷ್ಠರು 1812ರಲ್ಲಿ ಬರ್ನ್ ನಗರಕ್ಕೆ ಕಳುಹಿಸಿಕೊಟ್ಟರು. ಅಲ್ಲಿ ಎರಡು ವರ್ಷ ವಿಶ್ರಮಿಸಿ ಅದು ಕಣ್ಮುಚ್ಚಿತು. ದುಡಿದ ಪ್ರಾಣಿಗೆ ಮುಪ್ಪಿನಲ್ಲಿ ನೆಲೆ ಕೊಟ್ಟ ಈ ಸಂಗತಿಯೇ ನಮಗೆ ಕಥೆಗಿಂತ ಮಿಗಿಲೆನಿಸುತ್ತದೆ.

1964ರಲ್ಲಿ ಬೆಟ್ಟದಡಿ ಸುರಂಗಮಾರ್ಗ ತೆರೆಯಿತು. ಹಿಮದಲ್ಲಿ ಸಿಲುಕಿದವರ ನೆರವಿಗೆ ಹೆಲಿಕಾಪ್ಟರ್ ಬಂತು. ಛತ್ರದಲ್ಲಿ ಉಳಿದ ಗುರುಗಳೂ ಕೆಲವರೇ. 2005ರಲ್ಲಿ ಅವರು ನಾಯಿಗಳನ್ನು ಕೆಳಗಿನ ಪಟ್ಟಣದ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಿದರು. ಶತಮಾನಗಳ ಒಡನಾಡಿಗಳನ್ನು ಬೀಳ್ಕೊಡುವಾಗ ಅವರ ಮನ ನೊಂದಿರದೆ ಇದ್ದೀತೇ? ಆದರೂ ಬೇಸಿಗೆಯಲ್ಲಿ ಹಿಮ ಕರಗಿದೊಡನೆ ನಾಯಿಗಳನ್ನು ಮತ್ತೆ ಮೇಲಕ್ಕೆ ಕರೆತರುತ್ತಾರೆ. ಅದೇ ಹಾದಿಯಲ್ಲಿ ಅವು ಯಾತ್ರಿಕರ ಪಕ್ಕದಲ್ಲಿ ಹೆಜ್ಜೆಹಾಕುತ್ತವೆ.