ಡಬ್ಬದ ಮೇಲಿನ ಅಕ್ಷರ ಓದಿ, ಎಣ್ಣೆ ಕೊಳ್ಳಿ

ಸಾಲ ಮಾಡಿ ಕೊಂಡ ಹೊಸ ಡೀಸೆಲ್ ಪಿಕಪ್ ಮನೆಯ ಮುಂದೆ ನಿಂತಿದೆ. ತರಕಾರಿಯನ್ನು ಮಂಡಿಗೆ ಸಾಗಿಸಿ, ಬಂದ ಬಾಡಿಗೆಯಲ್ಲಿ ಕಂತು ಕಟ್ಟಬೇಕು. ಮಕ್ಕಳ ಶಾಲೆಯ ಶುಲ್ಕವೂ ಅದರಿಂದಲೇ ಹೊರಡಬೇಕು. ಇಂಥ ಗಾಡಿಗೆ ಯಾವ ಎಂಜಿನ್ ಆಯಿಲ್ ಹಾಕಬೇಕು? ‘ದಪ್ಪ ಎಣ್ಣೆಯೇ ಒಳ್ಳೆಯದು’ ಎನ್ನುವವರು ಒಬ್ಬರು, ‘ಬೆಲೆ ಹೆಚ್ಚಿದಷ್ಟೂ ಒಳ್ಳೆಯದು’ ಎನ್ನುವವರು ಇನ್ನೊಬ್ಬರು. ಎರಡನ್ನೂ ನಂಬಬೇಕಾಗಿಲ್ಲ. ಸರಿಯಾದ ಉತ್ತರ ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಅಚ್ಚಾಗಿದೆ. ಅದನ್ನು ಡಬ್ಬದ ಮೇಲಿನ ಅಕ್ಷರಗಳೊಡನೆ ತಾಳೆ ನೋಡಲು ಬರಬೇಕು, ಅಷ್ಟೆ.

ಎಣ್ಣೆಯ ಕೆಲಸವೇನು?

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ಹಿರಿಯರು ಬಲ್ಲರು. ಎಂಜಿನ್ನಿನಲ್ಲೂ ಉದ್ದೇಶ ಅದೇ. ತಿರುಗುವ ಶಾಫ್ಟಿಗೂ ಬೇರಿಂಗಿಗೂ ನಡುವೆ ಎಣ್ಣೆಯ ತೆಳು ಪೊರೆ ನಿಂತು, ಲೋಹ ಲೋಹವನ್ನು ಮುಟ್ಟದಂತೆ ತಡೆಯುತ್ತದೆ. ಈ ಪೊರೆ ಹೇಗೆ ಭಾರ ಹೊರುತ್ತದೆಂಬುದನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದ ಮೂಲಕ ವಿವರಿಸಿದರು. ಎಣ್ಣೆ ತೀರ ತೆಳುವಾದರೆ ಪೊರೆ ಹರಿದು ಲೋಹ ಸವೆಯುತ್ತದೆ. ತೀರ ಮಂದವಾದರೆ ಮುಂಜಾನೆ ಎಂಜಿನ್ ಶುರು ಮಾಡಿದಾಗ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ. ಡೀಸೆಲ್ಲೂ ಹೆಚ್ಚು ಬೇಕು.

ಈ ಮಂದತನಕ್ಕೆ ‘ಸ್ನಿಗ್ಧತೆ’ ಎಂದು ಹೆಸರು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ಮುಚ್ಚಳವಿರುವ ಎರಡು ಪುಟ್ಟ ಸೀಸೆಗಳಲ್ಲಿ ಮುಕ್ಕಾಲು ಭಾಗ ಹರಳೆಣ್ಣೆ ತುಂಬಿ. ಒಂದನ್ನು ಫ್ರಿಜ್ಜಿನಲ್ಲೂ ಇನ್ನೊಂದನ್ನು ಬೆಚ್ಚನೆಯ ನೀರಿನಲ್ಲೂ ಅರ್ಧ ಗಂಟೆ ಇಟ್ಟು, ಬಳಿಕ ಎರಡನ್ನೂ ಒಟ್ಟಿಗೆ ಮಗುಚಿ. ಬೆಚ್ಚಗಿನ ಎಣ್ಣೆ ಬೇಗ ಹರಿಯುತ್ತದೆ, ತಣ್ಣಗಿನದು ತಡವರಿಸುತ್ತದೆ.

‘15ಡಬ್ಲ್ಯು-40’ ಎಂದರೆ?

ಇವು ಅಮೆರಿಕದ ಎಸ್‌ಎಇ ಸಂಸ್ಥೆ ರೂಪಿಸಿದ ದರ್ಜೆಗಳು, ಉಷ್ಣತೆಯ ಡಿಗ್ರಿಗಳಲ್ಲ. ಡಬ್ಲ್ಯು ಎಂದರೆ ‘ವಿಂಟರ್’, ಚಳಿಗಾಲ. ಅದರ ಹಿಂದಿನ ಸಂಖ್ಯೆ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಎರಡನೆಯ ಸಂಖ್ಯೆ ಎಣ್ಣೆ ಕಾದಾಗಿನ ಸ್ನಿಗ್ಧತೆಯನ್ನು ಸೂಚಿಸುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ಕ್ಕಿಂತ 40 ಮಂದ.

ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಚಳಿಯ ಸಂಖ್ಯೆ ಏಕೆ ಎನ್ನಬಹುದು. 40 ಡಿಗ್ರಿಯಲ್ಲಿ ಕೂಡ ಈ ಎಣ್ಣೆ 100 ಡಿಗ್ರಿಯಲ್ಲಿರುವುದಕ್ಕಿಂತ ಸುಮಾರು ಏಳೆಂಟು ಪಟ್ಟು ಮಂದವಾಗಿರುತ್ತದೆ. ತಣ್ಣಗಿನ ಎಂಜಿನ್ನಿಗೆ ನಮ್ಮೂರಿನ ಮುಂಜಾವೂ ಚಳಿಯೇ! ಕೈಪಿಡಿ ‘5ಡಬ್ಲ್ಯು-30’ ಎಂದಿದ್ದರೆ, ‘ದಪ್ಪ ಇರಲಿ’ ಎಂದು ‘15ಡಬ್ಲ್ಯು-40’ ಸುರಿಯಬೇಡಿ. ಪಂಪು, ಬೇರಿಂಗಿನ ಸಂದು ಎಲ್ಲವನ್ನೂ ಸೂಚಿಸಿದ ಎಣ್ಣೆಗೆ ಹೊಂದುವಂತೆ ಮಾಡಿರುತ್ತಾರೆ.

ಅಕ್ಷರಗಳ ಗುಟ್ಟು

ಸಂಖ್ಯೆ ಹೊಂದಿದರೆ ಸಾಲದು. ಎಪಿಐ ಎಂಬ ಗುರುತಿನ ಮುಂದೆ ‘ಸಿ’ಯಿಂದ ಶುರುವಾಗುವ ಅಕ್ಷರಗಳು ಡೀಸೆಲ್ ಎಂಜಿನ್ನಿಗೆ, ‘ಎಸ್’ನಿಂದ ಶುರುವಾಗುವವು ಪೆಟ್ರೋಲ್ ಎಂಜಿನ್ನಿಗೆ. ಸಿಐ-4ಕ್ಕಿಂತ ಸಿಕೆ-4 ಹೊಸದು. ಅದು ಬಂದದ್ದು 2016ರ ಡಿಸೆಂಬರಿನಲ್ಲಿ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೊಸ ಡೀಸೆಲ್ ಪಿಕಪ್‌ಗಳಲ್ಲಿ ಬಹುತೇಕವಕ್ಕೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಇದೆ. ಅದರಲ್ಲಿ ಕೂತ ಮಸಿ ಆಗಾಗ ಸುಟ್ಟುಹೋಗುತ್ತದೆ. ಆದರೆ ಎಣ್ಣೆಯಲ್ಲಿ ಬೆರೆಸಿದ ಲೋಹದ ಲವಣಗಳು ಉರಿದು ಉಳಿಯುವ ಬೂದಿ ಸುಡುವುದಿಲ್ಲ. ರಂಧ್ರಗಳಲ್ಲೇ ಕೂತು ಬಿಡುತ್ತದೆ. ಆದ್ದರಿಂದ ಇಂಥ ಗಾಡಿಗಳಿಗೆ ಬೂದಿ ಕಡಿಮೆಯಿರುವ ಎಣ್ಣೆ ಬೇಕು. ಹಳೆಯ ಲಾರಿಗೆ ಒಗ್ಗಿದ ಎಣ್ಣೆ ಇದಕ್ಕೂ ಒಗ್ಗೀತು ಎನ್ನುವಂತಿಲ್ಲ. ಜರಡಿ ಕಟ್ಟಿಕೊಂಡರೆ ಎಣ್ಣೆಯಲ್ಲಿ ಉಳಿಸಿದ ಹಣ ಎಲ್ಲಿಗೂ ಸಾಲದು.

ಎಣ್ಣೆ ಬೇಗ ಕಪ್ಪಾಯಿತೆಂದು ಗಾಬರಿಯಾಗಬೇಡಿ. ಡೀಸೆಲ್ ಎಂಜಿನ್ನಿನ ಮಸಿಯನ್ನು ಹಿಡಿದಿಡುವುದೂ ಎಣ್ಣೆಯ ಕೆಲಸವೇ. ಆದರೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿರಬಹುದು. ಕೂಡಲೇ ಮೆಕ್ಯಾನಿಕ್‌ಗೆ ತೋರಿಸಿ. ಎಷ್ಟು ಕಿಲೋಮೀಟರಿಗೆ ಎಣ್ಣೆ ಬದಲಿಸಬೇಕೆಂಬುದಕ್ಕೂ ಕೈಪಿಡಿಯೇ ಪ್ರಮಾಣ. ಬಿಲ್ಲನ್ನು ಎತ್ತಿಡಿ, ವಾರಂಟಿಯ ಮಾತು ಬಂದಾಗ ಬೇಕಾದೀತು.

ಕೈಪಿಡಿ ಇಂಗ್ಲಿಷಿನಲ್ಲಿದೆ ಎಂದು ಎಷ್ಟೋ ಮನೆಗಳಲ್ಲಿ ಅದನ್ನು ಬಿಚ್ಚುವುದೇ ಇಲ್ಲ. ಶಾಲೆಗೆ ಹೋಗುವ ಮಗನೋ ಮಗಳೋ ಆ ಪುಟ ಹುಡುಕಿ, ದರ್ಜೆಯ ಸಂಖ್ಯೆ, ಅಕ್ಷರ, ಎಷ್ಟು ಲೀಟರ್ ಎಂಬ ಮೂರನ್ನು ಚೀಟಿಯಲ್ಲಿ ಬರೆದು ಅಪ್ಪನ ಕೈಗೆ ಕೊಡಲಿ. ಅಂಗಡಿಗೆ ಹೋಗುವಾಗ ಆ ಚೀಟಿ ಜೇಬಿನಲ್ಲಿರಲಿ.