ಪೋಷಕನಟ ಬಾಲಕೃಷ್ಣ

ಕುರ್ಡಿ ಎಂಬುದು ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿಗೆ ಸೇರಿದ ಊರು. ಆ ಸೀಮೆಯಲ್ಲಿ ದೊಡ್ಡಾಟವನ್ನು ನೋಡಿ ಬೆಳೆದವರಿಗೆ ಸಾರಥಿಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಪಟ್ಟಣವಾಸಿಗಳಾದ ಶ್ರೋತೃಗಳಿಗಾಗಿ ಎರಡು ಮಾತು ಹೇಳುತ್ತೇವೆ. ಕಿರೀಟ ಭುಜಕೀರ್ತಿಗಳನ್ನು ಧರಿಸಿದ ರಾಜನು ಅಬ್ಬರದಿಂದ ರಂಗಕ್ಕೆ ಬರುತ್ತಾನೆ. ಸಾರಥಿಗೆ ಕಿರೀಟವಿಲ್ಲ. ಆದರೆ ತಾವು ಯಾರು, ಯಾವ ಪಟ್ಟಣವನ್ನು ಆಳುವವರು, ಇಲ್ಲಿಗೆ ಬಂದ ಕಾರಣವೇನು ಎಂದು ಅವನು ಕೇಳಿದ ಹೊರತು ರಾಜನು ರಾಜನಾಗಲಾರನು. ಕೇಳುವುದೂ, ಕೇಳಿದ್ದಕ್ಕೆ ಬಂದ ಉತ್ತರವನ್ನು ಕಿವಿಗೊಟ್ಟು ಆಲಿಸುವುದೂ, ನಡುವೆ ಒಂದು ನಗೆಯ ಮಾತನ್ನು ಎಸೆಯುವುದೂ ಅವನ ಕೆಲಸ. ಬೆಳಗಿನವರೆಗೆ ಆಟವನ್ನು ಹೊತ್ತು ನಿಲ್ಲುವವನು ಅವನೇ ಎಂದರೆ ಅತಿಶಯೋಕ್ತಿಯಾಗದು.

ಚಲಚ್ಚಿತ್ರದಲ್ಲಿ ಈ ಸಾರಥಿಯ ಸ್ಥಾನವನ್ನು ಪಡೆದವನೇ ಪೋಷಕನಟ. ನಾಯಕನ ಮಾತಿಗೆ ಬೆಲೆ ಬರುವುದು ಅದನ್ನು ಎದುರಿಗೆ ನಿಂತು ಕೇಳುವವನ ಮುಖದಲ್ಲಿ. ಆದುದರಿಂದ ಪೋಷಕನಟನ ವಿದ್ಯೆಯಲ್ಲಿ ಅರ್ಧಪಾಲು ಕೇಳುವ ವಿದ್ಯೆ ಎಂದು ನಾವು ಎಣಿಸುತ್ತೇವೆ. ಹೀಗಿರುವಲ್ಲಿ, ಕನ್ನಡ ಚಿತ್ರಗಳ ಪೋಷಕನಟರಲ್ಲಿ ಅಗ್ರಗಣ್ಯರಾದ ಟಿ. ಎನ್. ಬಾಲಕೃಷ್ಣ ಅವರಿಗೆ ಶ್ರವಣಶಕ್ತಿಯೇ ಬಹಳ ಮಂದವಾಗಿತ್ತು ಎಂಬುದು ವಿಚಾರಿಸಿ ನೋಡತಕ್ಕ ಸಂಗತಿಯಲ್ಲವೆ?

ಬಾಲಕೃಷ್ಣನವರು ಅರಸೀಕೆರೆಯವರು, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಕಡುಬಡವರ ಮನೆಯಲ್ಲಿ ಹುಟ್ಟಿದವರು. ತಂದೆಯ ಕಾಯಿಲೆಯ ಖರ್ಚಿಗೆ ದಾರಿಗಾಣದೆ ತಾಯಿಯು ಮಗುವನ್ನು ಎಂಟು ರೂಪಾಯಿಗೆ ಮಕ್ಕಳಿಲ್ಲದ ದಂಪತಿಗಳಿಗೆ ಕೊಟ್ಟುಬಿಟ್ಟಳಂತೆ. ಮುಂದೆ ನಾಟಕದ ಗೀಳು ಹತ್ತಿತು; ವೃತ್ತಿ ನಾಟಕ ಮಂಡಳಿಗಳೇ ಪಾಠಶಾಲೆಯಾದವು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ ತೆರೆಕಂಡುದು 1934ರಲ್ಲಿ. ಅದಾದ ಒಂಬತ್ತು ವರ್ಷಕ್ಕೆ, 1943ರಲ್ಲಿ, ‘ರಾಧಾರಮಣ’ ಚಿತ್ರದಿಂದ ಬಾಲಕೃಷ್ಣನವರು ತೆರೆಗೆ ಬಂದರು. ಅಲ್ಲಿಂದ ಮುಂದೆ 500ಕ್ಕೂ ಮಿಕ್ಕಿದ ಚಿತ್ರಗಳು. ಅವುಗಳ ಪಟ್ಟಿಯನ್ನು ಒಪ್ಪಿಸಿ ತಮ್ಮನ್ನು ದಣಿಸುವುದಿಲ್ಲ.

ಈಗ ನಮ್ಮ ಮಾತನ್ನು ಕೇಳುತ್ತಿರುವ ತಮಗೆ ನಮ್ಮ ಮುಖ ಕಾಣುವುದಿಲ್ಲ. ಬಾಲಕೃಷ್ಣನವರ ಸ್ಥಿತಿ ಇದಕ್ಕೆ ತೀರ ವಿಪರೀತ. ಅವರಿಗೆ ಮುಖ ಕಂಡಿತು, ಮಾತು ಕೇಳಿಸಲಿಲ್ಲ. ಎದುರಿನ ನಟನ ತುಟಿಗಳ ಚಲನೆಯನ್ನು ನೋಡಿಯೇ ಅವರು ಮಾತನ್ನು ಗ್ರಹಿಸುತ್ತಿದ್ದರು. ಇದು ಹೇಳುವಷ್ಟು ಸುಲಭವಲ್ಲ. ನಮ್ಮ ಭಾಷೆಯ ಪ, ಬ, ಮ ಈ ಮೂರು ಅಕ್ಷರಗಳಿಗೂ ತುಟಿ ಒಂದೇ ಬಗೆಯಾಗಿ ಮುಚ್ಚಿ ತೆರೆಯುತ್ತದೆ. ಕ, ಗ ಎಂಬುವು ಗಂಟಲಿನ ಕಡೆ ಹುಟ್ಟುವುದರಿಂದ ಹೊರಗೆ ಕಾಣುವುದೇ ಇಲ್ಲ. ತಾವು ಕನ್ನಡಿಯ ಮುಂದೆ ನಿಂತು ‘ಪಾಲು’ ಎಂದೂ ‘ಬಾಲು’ ಎಂದೂ ಸದ್ದಿಲ್ಲದೆ ಅಂದು ನೋಡಬಹುದು, ಭೇದ ತಿಳಿಯದು. ಸಂಭಾಷಣೆಯನ್ನು ಮೊದಲೇ ಅರಿತವನಿಗೆ ಮಾತ್ರ ತುಟಿಯ ಗುರುತು ನೆರವಾದೀತು. ನಾಟಕ ಮಂಡಳಿಯ ಶಿಸ್ತಿನಲ್ಲಿ ಪಳಗಿದವರಿಗೆ ತಮ್ಮ ಮಾತಿನಂತೆ ಎದುರಾಳಿಯ ಮಾತೂ ಬಾಯಿಪಾಠವಾಗಿರುವುದು ಹೊಸದಲ್ಲ. ಬಾಲಕೃಷ್ಣನವರಿಗೆ ಆ ಶಿಸ್ತೇ ಕಿವಿಯಾಯಿತು.

ಇನ್ನೊಂದು ತೊಡಕನ್ನು ನೋಡೋಣ. ಹಾಸ್ಯದ ಮಾತಿಗೆ ಗಳಿಗೆ ಮುಖ್ಯ. ಒಂದು ಉಸಿರಿನಷ್ಟು ತಡವಾದರೆ ನಗೆ ಸತ್ತುಹೋಗುತ್ತದೆ. ಕಿವಿಯುಳ್ಳ ನಟನು ಎದುರಿನ ವಾಕ್ಯದ ಕೊನೆಯ ಸ್ವರ ಇಳಿಯುವುದನ್ನು ಕೇಳಿ ತನ್ನ ಮಾತನ್ನು ಎತ್ತುತ್ತಾನೆ. ಇಷ್ಟೂ ಹೊತ್ತು ಅವನ ದೃಷ್ಟಿ ಎಲ್ಲಿ ಬೇಕಾದರೂ ಸುಳಿದಾಡಬಹುದು. ಬಾಲಕೃಷ್ಣನವರಿಗೆ ಆ ಅವಕಾಶವಿಲ್ಲ. ಕಣ್ಣನ್ನು ಮುಖದಿಂದ ಕೀಳುವಂತಿಲ್ಲ. ಅವರ ಪಾತ್ರಗಳ ಆ ನೆಟ್ಟ ನೋಟ, ಎದುರಿನವನ ಮನಸ್ಸಿನೊಳಕ್ಕೆ ಇಣುಕಿ ಏನೋ ಸಂಚು ಹೂಡುತ್ತಿರುವಂತೆ ತೋರುವ ಆ ಕಣ್ಣು, ಮೊದಲು ಅಗತ್ಯವಾಗಿ ಹುಟ್ಟಿ ಆಮೇಲೆ ಕಲೆಯಾಯಿತೆಂದು ನಮಗೆ ತೋರುತ್ತದೆ. ಮಾತನ್ನು ಎಳೆದೆಳೆದು, ಒಂದೊಂದು ಅಕ್ಷರವನ್ನೂ ರುಚಿನೋಡುವಂತೆ ಆಡುವ ಅವರ ರೀತಿಯೂ ಹಾಗೆಯೇ ಬಂದಿರಬಹುದು. ನಗಿಸುತ್ತಲೇ ಕೇಡು ಬಗೆಯುವ ಕುಹಕಿ, ಜಿಪುಣ, ಮನೆಮುರುಕ ಇಂತಹ ಪಾತ್ರಗಳಿಗೆ ಈ ಎರಡೂ ಗುಣ ಎಷ್ಟು ಒಪ್ಪಿದುವೆಂದರೆ, ಪ್ರೇಕ್ಷಕರಲ್ಲಿ ಬಹುಮಂದಿ ಅವರ ಕಿವಿಯ ಸಂಗತಿಯನ್ನು ಊಹಿಸಲೂ ಇಲ್ಲ.

ಕುಹಕದ ವೇಷಕ್ಕೇ ಅವರನ್ನು ಕಟ್ಟಿಹಾಕುವುದು ನ್ಯಾಯವಲ್ಲ. ಸಿದ್ಧಲಿಂಗಯ್ಯನವರು ನಿರ್ದೇಶಿಸಿದ 1972ರ ‘ಬಂಗಾರದ ಮನುಷ್ಯ’ದಲ್ಲಿ ಅವರು ರಾಚೂಟಪ್ಪನಾದರು, ಹಳ್ಳಿಗೆ ಬಂದು ನೇಗಿಲು ಹಿಡಿದ ನಾಯಕನಿಗೆ ಒಡನಾಡಿ. ರಾಚಪ್ಪ, ರಾಚೋಟಯ್ಯ ಎಂಬ ಹೆಸರುಗಳು ರಾಯಚೂರಿನ ಸೀಮೆಗೆ ಮನೆಯ ಹೆಸರುಗಳು. ಆ ಸೀಮೆ 1956ರ ನವೆಂಬರ್ 1ರವರೆಗೆ ಹೈದರಾಬಾದಿಗೆ ಸೇರಿದ್ದು. ಅಲ್ಲಿಯ ಕನ್ನಡವೇ ಬೇರೆ, ಚಿತ್ರಗಳು ಆಡುವ ಮೈಸೂರಿನ ಕನ್ನಡವೇ ಬೇರೆ. ಅಂಥ ಪ್ರೇಕ್ಷಕನಿಗೆ ಮಾತು ತಲುಪುವ ಮುಂಚೆ ಮುಖ ತಲುಪಬೇಕು. ಮುಖವನ್ನು ಓದಿಯೇ ಬಾಳಿದ ನಟನು ಓದಿಸಿಕೊಳ್ಳಬಲ್ಲ ಮುಖವನ್ನೂ ಸಂಪಾದಿಸಿದ್ದನು.

ಈ ನಟನ ಇನ್ನೊಂದು ಮುಖವಿದೆ. 1950ರ ದಶಕದ ಕೊನೆಗೆ ಕನ್ನಡ ಚಿತ್ರೋದ್ಯಮ ದುರ್ಬಲವಾಗಿತ್ತು. ತಯಾರಿಕೆಯೆಲ್ಲ ಬಹುಮಟ್ಟಿಗೆ ಮದರಾಸಿನಲ್ಲಿ. ಆಗ ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್, ಬಾಲಕೃಷ್ಣ ಈ ನಾಲ್ವರು ಸೇರಿ ಕಲಾವಿದರ ಸಂಘವೊಂದನ್ನು ಕಟ್ಟಿದರು. ಊರೂರಿಗೆ ಹೋಗಿ ನಾಟಕಗಳನ್ನಾಡಿದರು. 1960ರಲ್ಲಿ ‘ರಣಧೀರ ಕಂಠೀರವ’ವನ್ನು ತೆರೆಗೆ ತಂದರು. ಮೈಸೂರಿನ ದೊರೆ ಕಂಠೀರವ ನರಸರಾಜ ಒಡೆಯರ ಆ ಕಥೆಯನ್ನು ಜನ ಮೆಚ್ಚಿದರು. ನಾಲ್ವರಲ್ಲಿ ನಾಯಕನಟರು ಒಬ್ಬರೇ ಎಂಬುದನ್ನು ಗಮನಿಸಬೇಕು.

ಮದರಾಸಿಗೆ ಅಲೆಯುವ ಕಷ್ಟವನ್ನು ಉಂಡಿದ್ದರಿಂದಲೋ ಏನೋ, ಬೆಂಗಳೂರಿನಲ್ಲಿ ಕನ್ನಡಕ್ಕೊಂದು ಚಿತ್ರಶಾಲೆಯನ್ನು ಕಟ್ಟುವ ಹಂಬಲ ಬಾಲಕೃಷ್ಣನವರನ್ನು ಹಿಡಿಯಿತು. ಸುಮಾರು 1970ರ ಹೊತ್ತಿಗೆ ಕೆಂಗೇರಿಯ ಬಳಿ ಸರ್ಕಾರವು 20 ಎಕರೆ ಭೂಮಿಯನ್ನು ಕೊಟ್ಟಿತು; ‘ಅಭಿಮಾನ್ ಸ್ಟುಡಿಯೋ’ ಎಂದು ಹೆಸರಾಯಿತು. ಚಿತ್ರಶಾಲೆಯೆಂದರೆ ಬರಿಯ ನೆಲವಲ್ಲ. ಅಂಕಣಗಳು, ದೀಪಗಳು, ಧ್ವನಿಗ್ರಹಣದ ಯಂತ್ರಗಳು, ಸಂಬಳದ ಆಳುಗಳು. ನಾಯಕನ ಸಂಭಾವನೆಯೇ ಸಾಲದ ಈ ಕಾರ್ಯಕ್ಕೆ ಪೋಷಕನಟನ ಸಂಭಾವನೆ ಎಷ್ಟರದು? ಹಣದ ಮುಗ್ಗಟ್ಟು ಕೊನೆಯವರೆಗೂ ಬೆನ್ನುಬಿಡಲಿಲ್ಲ. 2009ರ ಡಿಸೆಂಬರ್ 30ರಂದು ನಿಧನರಾದ ವಿಷ್ಣುವರ್ಧನರ ಅಂತ್ಯಕ್ರಿಯೆ ಆ ನೆಲದಲ್ಲೇ ಜರುಗಿದ ಮೇಲೆ ಅದರ ಹೆಸರು ನಾಡಿಗೆಲ್ಲ ತಿಳಿಯಿತು. 2025ರ ಆಗಸ್ಟಿನಲ್ಲಿ ಅಲ್ಲಿನ ಸಮಾಧಿಯನ್ನು ಕೆಡವಿದಾಗ ಮತ್ತೊಮ್ಮೆ ಅದೇ ಹೆಸರು ಪತ್ರಿಕೆಗಳನ್ನು ತುಂಬಿತು. ಈ ಎರಡು ಬಾರಿಯೂ ಆ ನೆಲವನ್ನು ಬೇಡಿ ತಂದವರಾರೆಂದು ಕೇಳಿದವರು ವಿರಳ. ಅವರು 1995ರ ಜುಲೈ 19ರಂದೇ ತೀರಿಕೊಂಡಿದ್ದರು.